ಆಲ್ಪ್ಸ್‌ನಲ್ಲಿ ಮೊದಲ ಸ್ಕೀ ರಜೆ: ಕಿಲೋಮೀಟರ್ ಲೆಕ್ಕ ಬಿಡಿ, ಕಲಿಯುವ ಜಾಗ ನೋಡಿ

ನವೆಂಬರ್ ಬಂತು ಅಂದ್ರೆ ಜರ್ಮನಿಯಲ್ಲಿರುವ ಕನ್ನಡದವರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಮಾತು. ಆಫೀಸಿನವರೆಲ್ಲ ಸ್ಕೀಗೆ ಹೊರಟಿದ್ದಾರೆ, ಮಕ್ಕಳ ಕ್ಲಾಸಿನಲ್ಲಿ ಅರ್ಧಕ್ಕರ್ಧ ಮಕ್ಕಳಿಗೆ ಆಗಲೇ ಸ್ಕೀ ಬರುತ್ತದೆ, ನಾವೂ ಒಂದು ಸಲ ಹೋಗೋಣವೇ? ಊರಿನಿಂದ ಅಪ್ಪ ಅಮ್ಮ ಬಂದಿದ್ದರೆ ಅವರನ್ನು ಕರೆದುಕೊಂಡು ಹೋಗಬಹುದೇ? ಬೆಂಗಳೂರಿನಿಂದ ಮ್ಯೂನಿಕ್‌ಗೆ 2023ರಲ್ಲಿ ನೇರ ವಿಮಾನ ಶುರುವಾದ ಮೇಲೆ ಅಲ್ಲಿಂದಲೇ ಹೊರಡುವವರೂ ಇದೇ ಪ್ರಶ್ನೆ ಕೇಳುತ್ತಾರೆ.

ಹಿಮ ನೋಡದೆ ಬೆಳೆದವರಿಗೆ ಈ ಪ್ಲಾನ್ ಗೊಂದಲ ಅನ್ನಿಸುವುದು ಸಹಜ. ವೆಬ್‌ಸೈಟ್ ತೆರೆದರೆ ಪಿಸ್ಟೆ, ಪಾಸ್, ಲಿಫ್ಟ್, ಬೈಂಡಿಂಗ್ ಅಂತ ಏನೇನೋ ಬರುತ್ತದೆ, ಯಾವುದನ್ನು ಮೊದಲು ಬುಕ್ ಮಾಡಬೇಕು ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಹಾಗಾಗಿ ಒಂದೇ ಊರನ್ನು ಇಟ್ಟುಕೊಂಡು ನೋಡೋಣ. ಆಸ್ಟ್ರಿಯಾದ ಟಿರೋಲ್ ರಾಜ್ಯದಲ್ಲಿ ಜಿಲ್ಲರ್‌ಟಾಲ್ ಅನ್ನುವ ಕಣಿವೆ ಇದೆ. ಅದರ ಒಳತುದಿಯಲ್ಲಿರುವ ಊರು ಮಾಯರ್‌ಹೋಫೆನ್. ಮ್ಯೂನಿಕ್‌ನಿಂದ ರೈಲಿನಲ್ಲೇ ಹೋಗಬಹುದು, ಹೊಸಬರಿಗೂ ಜಾಗ ಇದೆ, ಹುಲಿಗಳಿಗೂ ಜಾಗ ಇದೆ.

## ಸ್ಕೀ ಏರಿಯಾ ಅಂದ್ರೆ ಏನು

ಬೆಟ್ಟ, ಹಿಮ ಇದ್ದರೆ ಸಾಕು, ಜಾರಬಹುದು ಅಂತ ಅಂದುಕೊಳ್ಳುತ್ತೇವೆ. ಹಾಗಲ್ಲ. ಸ್ಕೀ ಏರಿಯಾದಲ್ಲಿ ಬೆಟ್ಟದ ಮೈಮೇಲೆ ಗುರುತು ಹಾಕಿದ ದಾರಿಗಳಿರುತ್ತವೆ. ಇವೇ ಪಿಸ್ಟೆಗಳು. ರಾತ್ರಿಯೆಲ್ಲ ದೊಡ್ಡ ಯಂತ್ರಗಳು ಓಡಾಡಿ ಹಿಮವನ್ನು ಒತ್ತಿ ಸಮ ಮಾಡುತ್ತವೆ. ಹಿಮ ಕುಸಿದು ಉರುಳಿ ಬರುವ ಅಪಾಯ ಕಂಡರೆ ದಾರಿ ಮುಚ್ಚುತ್ತಾರೆ. ಮೇಲೆ ಹೋಗಲು ಲಿಫ್ಟ್‌ಗಳಿವೆ. ಕೆಲವು ಮುಚ್ಚಿದ ಡಬ್ಬಿಗಳು, ಅವು ಗೊಂಡೋಲಾ. ಕೆಲವು ತೆರೆದ ಕುರ್ಚಿಗಳು. ಇನ್ನು ಕೆಲವಕ್ಕೆ ಸೀಟೇ ಇಲ್ಲ, ಮೇಲಿಂದ ಇಳಿಬಿದ್ದ ಕೋಲನ್ನು ಸೊಂಟದ ಹಿಂದೆ ಇಟ್ಟುಕೊಂಡರೆ ಅದೇ ಎಳೆದುಕೊಂಡು ಹೋಗುತ್ತದೆ, ನಾವು ಸ್ಕೀ ಮೇಲೆ ನಿಂತೇ ಇರಬೇಕು. ಹೊಸಬರು ಪಿಸ್ಟೆಗಿಂತ ಇದರ ಮೇಲೆಯೇ ಜಾಸ್ತಿ ಬೀಳುತ್ತಾರೆ.

ಆಸ್ಟ್ರಿಯಾದಲ್ಲಿ ಪಿಸ್ಟೆಗೆ ಮೂರು ಬಣ್ಣ. ನೀಲಿ ಸುಲಭ, ಕೆಂಪು ಮಧ್ಯಮ, ಕಪ್ಪು ಕಷ್ಟ. ನೀಲಿ ದಾರಿಯ ಇಳಿಜಾರು ಸಾಮಾನ್ಯವಾಗಿ 25 ಶೇಕಡಾ ಮೀರುವುದಿಲ್ಲ. ಅಂದ್ರೆ ನೂರು ಮೀಟರ್ ಮುಂದೆ ಹೋಗುವಷ್ಟರಲ್ಲಿ 25 ಮೀಟರ್ ಕೆಳಗಿಳಿದಿರುತ್ತೀರಿ. ಕೆಂಪಿಗೆ ಈ ಮಿತಿ 40. ಅದರಾಚೆ ಎಲ್ಲ ಕಪ್ಪು. ಮಾಯರ್‌ಹೋಫೆನ್‌ನಲ್ಲೇ ಹರಾಕಿರಿ ಅನ್ನುವ ಕಪ್ಪು ಪಿಸ್ಟೆ ಒಂದಿದೆ, ಅದರದ್ದು 78 ಶೇಕಡಾ! ಬದಿಯಲ್ಲಿ ನಿಂತು ನೋಡಿದರೂ ಹೊಟ್ಟೆ ಕಲಸುತ್ತದೆ. ಫ್ರಾನ್ಸಿನಲ್ಲಿ ನೀಲಿಗಿಂತ ಸುಲಭದ ಹಸಿರು ಕೂಡ ಇದೆ. ಆಸ್ಟ್ರಿಯಾದಲ್ಲಿ ಹಸಿರು ಹುಡುಕಿದರೆ ಸಿಗುವುದಿಲ್ಲ.

## ಬ್ರೋಷರ್‌ನ ದೊಡ್ಡ ಸಂಖ್ಯೆ

ಈಗ ಮುಖ್ಯ ವಿಷಯ. ಪ್ರತಿ ಸ್ಕೀ ಏರಿಯಾದ ಜಾಹೀರಾತಿನಲ್ಲೂ ಒಂದು ದೊಡ್ಡ ಸಂಖ್ಯೆ ಇರುತ್ತದೆ, ಇಷ್ಟು ಕಿಲೋಮೀಟರ್ ಪಿಸ್ಟೆ ಅಂತ. ಜಿಲ್ಲರ್‌ಟಾಲ್‌ನ ಸಂಖ್ಯೆ 500ಕ್ಕೂ ಜಾಸ್ತಿ. ಕೇಳಿದರೆ ಒಂದೇ ದೊಡ್ಡ ಮೈದಾನ ಅನ್ನಿಸುತ್ತದೆ ಅಲ್ವಾ? ನಿಜವಾಗಿ ಅದು ಕಣಿವೆಯ ಬೇರೆ ಬೇರೆ ಕಡೆ ಇರುವ ನಾಲ್ಕು ದೊಡ್ಡ ಏರಿಯಾಗಳ ಮೊತ್ತ. ಒಂದರಿಂದ ಇನ್ನೊಂದಕ್ಕೆ ಹೋಗಲು ಬಹುಪಾಲು ಬಸ್ಸೋ ರೈಲೋ ಹಿಡಿಯಬೇಕು.

ಚೆನ್ನಾಗಿ ಸ್ಕೀ ಬರುವವರಿಗೆ ಆ ಲೆಕ್ಕ ಉಪಯೋಗವೇ. ಮೊದಲ ಸಲ ಹೋಗುವವರಿಗೆ ಅಲ್ಲ. ಮೊದಲ ಮೂರು ದಿನ ನೀವು ಬಳಸುವ ಜಾಗ ಒಂದು ಶಾಲೆಯ ಮೈದಾನಕ್ಕಿಂತ ಹೆಚ್ಚಿರುವುದಿಲ್ಲ. ಅದರ ಒಂದು ತುದಿಯಲ್ಲಿ ನೆಲದ ಮೇಲೆ ಹರಿಯುವ ರಬ್ಬರ್ ಪಟ್ಟಿ ಇರುತ್ತದೆ, ಅದರ ಮೇಲೆ ನಿಂತು ಮೇಲೆ ಹೋಗುವುದು, ಕೆಳಗೆ ಜಾರುವುದು, ಮತ್ತೆ ಹೋಗುವುದು, ಇಷ್ಟೇ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಬೇರೆ. ಕಲಿಯುವ ಜಾಗ ಎಲ್ಲಿದೆ, ಎಷ್ಟು ಎತ್ತರದಲ್ಲಿದೆ, ಅಲ್ಲಿಂದ ಮುಂದಿನ ಹೆಜ್ಜೆಗೆ ಅಗಲವಾದ ನೀಲಿ ದಾರಿ ಹತ್ತಿರದಲ್ಲಿದೆಯೇ?

ಮಾಯರ್‌ಹೋಫೆನ್‌ಗೆ ಎರಡು ಬೆಟ್ಟ, ಸ್ವಭಾವದಲ್ಲಿ ಎರಡೂ ಬೇರೆ ಬೇರೆ. ಆಹೋರ್ನ್ ಬೆಟ್ಟದ ಮೇಲ್ಭಾಗ ಅಗಲ, ಬಿಸಿಲು ಜಾಸ್ತಿ, ಇಳಿಜಾರು ಮೆತ್ತಗೆ. ಒಮ್ಮೆಗೆ 160 ಜನರನ್ನು ಹೊರುವ ದೊಡ್ಡ ಕೇಬಲ್ ಕಾರ್ ನಿಮ್ಮನ್ನು ಸುಮಾರು 2,000 ಮೀಟರ್ ಎತ್ತರಕ್ಕೆ ಬಿಡುತ್ತದೆ. ಇದು ಹೊಸಬರ ಮತ್ತು ಮಕ್ಕಳ ಬೆಟ್ಟ. ಎದುರಿನ ಪೆಂಕೆನ್ ಬೆಟ್ಟದಲ್ಲಿ ಕೆಂಪು, ಕಪ್ಪು ದಾರಿಗಳು ಜಾಸ್ತಿ, ಹರಾಕಿರಿ ಇರುವುದೂ ಅಲ್ಲೇ. ಗೆಳೆಯರು ಪೆಂಕೆನ್‌ಗೆ ಹೊರಟರು ಅಂತ ಎರಡನೇ ದಿನವೇ ಅವರ ಬೆನ್ನು ಹತ್ತಬೇಡಿ.

ಇನ್ನೊಂದು ವಿಷಯ. ಪೆಂಕೆನ್‌ನಿಂದ ಮಾಯರ್‌ಹೋಫೆನ್ ಊರಿಗೆ ಪಿಸ್ಟೆಯೇ ಇಲ್ಲ, ಎಷ್ಟೇ ಚೆನ್ನಾಗಿ ಸ್ಕೀ ಬಂದರೂ ಸಂಜೆ ಲಿಫ್ಟ್‌ನಲ್ಲೇ ಇಳಿಯಬೇಕು. ಆಹೋರ್ನ್‌ನಿಂದ ಊರಿಗೆ ಬರುವ ದಾರಿ ಇದೆ, ಆದರೆ ಅದು 1,300 ಮೀಟರ್ ಇಳಿಯುವ ಉದ್ದನೆಯ ಕಷ್ಟದ ದಾರಿ. ಹಾಗಾಗಿ ಲಿಫ್ಟ್ ಹತ್ತಿ ಕೆಳಗೆ ಬರಲು ನಾಚಿಕೆ ಪಡುವ ಕಾರಣವೇ ಇಲ್ಲ. ಕೊನೆಯ ಲಿಫ್ಟ್ ಎಷ್ಟು ಗಂಟೆಗೆ ಅಂತ ಬೆಳಿಗ್ಗೆಯೇ ನೋಡಿಟ್ಟುಕೊಳ್ಳಿ. ಸಾಮಾನ್ಯವಾಗಿ ನಾಲ್ಕು, ನಾಲ್ಕೂವರೆ ಹೊತ್ತಿಗೆ ನಿಂತುಬಿಡುತ್ತದೆ.

## ಹಿಮ ಇರುತ್ತದೆಯೇ?

ಮಾಯರ್‌ಹೋಫೆನ್ ಊರು ಇರುವುದು 630 ಮೀಟರ್ ಎತ್ತರದಲ್ಲಿ. ಬೆಂಗಳೂರಿಗಿಂತ ತಗ್ಗು! ಜನವರಿಯಲ್ಲೂ ಊರಿನಲ್ಲಿ ಮಳೆ ಬೀಳುವುದುಂಟು. ಹೋಟೆಲ್ ಕಿಟಕಿಯಿಂದ ಹಸಿರು ಹುಲ್ಲು ಕಂಡು ದುಡ್ಡು ಹಾಳಾಯಿತು ಅಂತ ಬೇಜಾರಾಗುವವರು ಬಹಳ ಜನ. ಆದರೆ ನೂರು ಮೀಟರ್ ಮೇಲೆ ಹೋದಂತೆ ತಾಪಮಾನ ಸುಮಾರು 0.6 ಡಿಗ್ರಿ ಇಳಿಯುತ್ತದೆ. ಊರಿನಲ್ಲಿ 5 ಡಿಗ್ರಿ ಇದ್ದರೆ ಆಹೋರ್ನ್ ಮೇಲೆ ಮೈನಸ್ 3ರ ಹತ್ತಿರ ಇರುತ್ತದೆ. ಕೆಳಗೆ ಮಳೆ, ಮೇಲೆ ಹಿಮ. ಅದಕ್ಕೇ ಊರಿನ ಎತ್ತರ ನೋಡಬೇಡಿ, ಕಲಿಯುವ ಜಾಗದ ಎತ್ತರ ನೋಡಿ. ಈ ಲೆಕ್ಕ ತಲೆಕೆಳಗಾಗುವ ದಿನಗಳೂ ಇವೆ. ಗಾಳಿಯಿಲ್ಲದ ಜನವರಿ ಬೆಳಿಗ್ಗೆ ಭಾರವಾದ ತಣ್ಣನೆ ಗಾಳಿ ಕಣಿವೆಯ ತಳದಲ್ಲಿ ಕೂತು, ಊರಿಗಿಂತ ಬೆಟ್ಟವೇ ಬೆಚ್ಚಗಿರುತ್ತದೆ.

ಆಕಾಶದಿಂದ ಬೀಳದಿದ್ದರೆ ಯಂತ್ರದಿಂದ ಮಾಡುತ್ತಾರೆ. ಪಿಸ್ಟೆ ಪಕ್ಕದಲ್ಲಿ ದೊಡ್ಡ ಫ್ಯಾನ್‌ನಂತೆ ಕಾಣುವುದು ಹಿಮದ ಫಿರಂಗಿ. ಅದು ನೀರನ್ನು ಸಣ್ಣ ಹನಿಗಳಾಗಿ ಒಡೆದು ಗಾಳಿಗೆ ಎರಚುತ್ತದೆ, ಹನಿ ನೆಲಕ್ಕೆ ಬೀಳುವ ಮೊದಲು ಹೆಪ್ಪುಗಟ್ಟುತ್ತದೆ. ಇದಕ್ಕೆ ಚಳಿ ಒಂದಿದ್ದರೆ ಸಾಲದು, ಗಾಳಿ ಒಣಗಿರಬೇಕು. ಒಣ ಗಾಳಿಯಲ್ಲಿ ಹನಿಯ ಒಂದಿಷ್ಟು ನೀರು ಆವಿಯಾಗಿ ಉಳಿದದ್ದನ್ನು ಇನ್ನಷ್ಟು ತಣ್ಣಗೆ ಮಾಡುತ್ತದೆ. ತೇವ ಜಾಸ್ತಿ ಇದ್ದರೆ ಮೈನಸ್ ಒಂದು ಡಿಗ್ರಿಯಲ್ಲೂ ಸರಿಯಾಗಿ ಹಿಮ ಆಗುವುದಿಲ್ಲ. ಯಂತ್ರದ ಹಿಮ ಹೆಚ್ಚು ಗಟ್ಟಿ, ಬೇಗ ಕರಗುವುದಿಲ್ಲ. ಬಿದ್ದರೆ ಮಾತ್ರ ಅದರ ಗಟ್ಟಿತನ ಗೊತ್ತಾಗುತ್ತದೆ.

ಹಿಮ ಎಲ್ಲೂ ಇಲ್ಲ ಅನ್ನುವ ವಾರದಲ್ಲಿ ಈ ಕಣಿವೆಗೆ ಇನ್ನೊಂದು ಆಸರೆ ಇದೆ. ಮಾಯರ್‌ಹೋಫೆನ್‌ನಿಂದ ಬಸ್ಸಿನಲ್ಲಿ ಹೋಗಬಹುದಾದ ಹಿಂಟರ್‌ಟುಕ್ಸ್ ಹಿಮನದಿ, ಆಸ್ಟ್ರಿಯಾದಲ್ಲಿ ವರ್ಷವಿಡೀ ಸ್ಕೀ ಮಾಡಬಹುದಾದ ಒಂದೇ ಜಾಗ. ಲಿಫ್ಟ್ 3,250 ಮೀಟರ್ ತನಕ ಹೋಗುತ್ತದೆ. ಜನವರಿಯಲ್ಲಿ ಅಲ್ಲಿನ ಚಳಿ ಮಾತ್ರ ತಮಾಷೆಯಲ್ಲ. ಗಾಳಿ ಜೋರಾದರೆ ಲಿಫ್ಟ್‌ಗಳನ್ನೇ ನಿಲ್ಲಿಸುತ್ತಾರೆ. ದಕ್ಷಿಣದಿಂದ ಬೀಸುವ ಫ್ಯೋನ್ ಅನ್ನುವ ಬೆಚ್ಚಗಿನ ಗಾಳಿಗೆ ಟಿರೋಲ್ ಹೆಸರುವಾಸಿ.

## ಯಾವ ವಾರ ಹೋಗಬೇಕು

ಡಿಸೆಂಬರ್ ಮಧ್ಯದಿಂದ ಈಸ್ಟರ್ ತನಕ ಸೀಸನ್ ಅನ್ನುತ್ತಾರೆ, ಆದರೆ ಎಲ್ಲ ವಾರಗಳೂ ಒಂದೇ ಅಲ್ಲ. ಕ್ರಿಸ್‌ಮಸ್‌ನಿಂದ ಜನವರಿ 6ರ ತನಕ ಮತ್ತು ಫೆಬ್ರವರಿಯ ಶಾಲಾ ರಜೆಯ ವಾರಗಳಲ್ಲಿ ರೂಮ್ ಕೇಳುವುದು, ದಸರಾ ಸಮಯದಲ್ಲಿ ಮೈಸೂರಿನಲ್ಲಿ ರೂಮ್ ಕೇಳಿದ ಹಾಗೆ. ಆಸ್ಟ್ರಿಯಾದ ರಾಜ್ಯಗಳು ಫೆಬ್ರವರಿಯಲ್ಲಿ ಸರದಿ ಪ್ರಕಾರ ಒಂದೊಂದು ವಾರ ರಜೆ ಕೊಡುತ್ತವೆ. ಬವೇರಿಯಾದಲ್ಲಿ ಫಾಶಿಂಗ್ ಹಬ್ಬದ ವಾರ ಶಾಲೆ ಇರುವುದಿಲ್ಲ. ಡಚ್ ಶಾಲೆಗಳ ರಜೆಯೂ ಸುಮಾರಾಗಿ ಅದೇ ಹೊತ್ತಿಗೆ. ಎಲ್ಲರೂ ಒಂದೇ ಕಣಿವೆಗೆ ಬಂದು ತುಂಬುತ್ತಾರೆ.

ಶಾಲೆಗೆ ಹೋಗುವ ಮಕ್ಕಳಿಲ್ಲದಿದ್ದರೆ ಜನವರಿ 7ರ ನಂತರದ ಎರಡು ಮೂರು ವಾರ ಒಳ್ಳೆಯದು. ಬೆಲೆ ಇಳಿದಿರುತ್ತದೆ, ಸಾಲು ಚಿಕ್ಕದು. ಹಗಲು ಚಿಕ್ಕದು, ಚಳಿ ಜಾಸ್ತಿ, ಅದು ಅದರ ಬೆಲೆ. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಮಾರ್ಚ್ ಮೊದಲರ್ಧ. ಬಿಸಿಲಿರುತ್ತದೆ, ಹಗಲು ಉದ್ದ, ಬಿದ್ದರೂ ಮೆತ್ತಗೆ. ಮಧ್ಯಾಹ್ನದ ಹೊತ್ತಿಗೆ ಹಿಮ ಕರಗಿ ಗಂಜಿಯಾಗಿ ಕಾಲು ಎಳೆಯುತ್ತದೆ, ಹಾಗಾಗಿ ಬೆಳಿಗ್ಗೆ ಬೇಗ ಶುರು ಮಾಡಿ ಎರಡು ಗಂಟೆಗೆ ಮುಗಿಸುವುದು ವಾಸಿ. ಈಸ್ಟರ್ ದಿನಾಂಕ ಪ್ರತಿ ವರ್ಷ ಬದಲಾಗುತ್ತದೆ, ಅದನ್ನೂ ನೋಡಿ. 2027ರಲ್ಲಿ ಅದು ಮಾರ್ಚ್ 28ಕ್ಕೇ ಬರುತ್ತದೆ, ಆ ವರ್ಷ ಮಾರ್ಚ್ ಕೊನೆ ಅಗ್ಗ ಇರುವುದಿಲ್ಲ.

ಬಹಳ ಕಡೆ ರೂಮ್ ಕೊಡುವುದು ಶನಿವಾರದಿಂದ ಶನಿವಾರಕ್ಕೆ. ಅಂದ್ರೆ ಶನಿವಾರ ಹಳಬರು ಹೊರಡುತ್ತಾರೆ, ಹೊಸಬರು ಬರುತ್ತಾರೆ, ಹೈವೇ ಗಂಟೆಗಟ್ಟಲೆ ನಿಲ್ಲುತ್ತದೆ.

## ಪಾಸ್ ಮತ್ತು ಶಾಲೆ: ದುಡ್ಡು ಎಲ್ಲಿ ಹೋಗುತ್ತದೆ

ಖರ್ಚು ನಾಲ್ಕು ಭಾಗ: ರೂಮ್, ಲಿಫ್ಟ್ ಪಾಸ್, ಸ್ಕೀ ಬಾಡಿಗೆ, ಕಲಿಸುವ ಶಾಲೆ. ಟಿರೋಲ್‌ನ ದೊಡ್ಡ ಏರಿಯಾಗಳಲ್ಲಿ ದೊಡ್ಡವರ ಒಂದು ದಿನದ ಪಾಸ್ ಈಗ 70 ಯೂರೋ ದಾಟಿದೆ. ದಿನಗಳು ಹೆಚ್ಚಾದಂತೆ ದಿನದ ಲೆಕ್ಕ ಇಳಿಯುತ್ತದೆ, ಮಕ್ಕಳಿಗೆ ಕಡಿಮೆ. ಪಾಸ್ ಅಂದ್ರೆ ಚಿಪ್ ಇರುವ ಕಾರ್ಡ್, ಜಾಕೆಟ್‌ನ ಎಡ ಜೇಬಿನಲ್ಲಿ ಒಂದೇ ಇಟ್ಟುಕೊಂಡರೆ ಗೇಟ್ ತಾನೇ ತೆರೆಯುತ್ತದೆ. ಅದರ ಪಕ್ಕದಲ್ಲಿ ಫೋನ್ ಇಟ್ಟರೆ ಕೆಲವೊಮ್ಮೆ ತೆರೆಯುವುದಿಲ್ಲ, ಹಿಂದಿನವರು ಗೊಣಗುತ್ತಾರೆ.

ಹೊಸಬರು ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಇಡೀ ಕಣಿವೆಗೆ ನಡೆಯುವ ಆರು ದಿನದ ಪಾಸನ್ನು ಮೊದಲೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳುತ್ತಾರೆ, ಮೂರನೇ ದಿನ ಮೊಣಕಾಲು ನೋವು, ನಾಲ್ಕನೇ ದಿನ ಮಗುವಿಗೆ ಜ್ವರ. ಮೊದಲು ಶಾಲೆಯವರಿಗೆ ಒಂದು ಮೇಲ್ ಹಾಕಿ, ಶುರುವಿನ ದಿನಗಳಿಗೆ ಯಾವ ಟಿಕೆಟ್ ಬೇಕು ಅಂತ ಕೇಳಿ. ಕಲಿಯುವ ಜಾಗ ಮೇಲಿದ್ದರೆ ಕೇಬಲ್ ಕಾರ್ ಟಿಕೆಟ್ ಬೇಕಾಗುತ್ತದೆ, ಪೂರ್ತಿ ಪಾಸ್ ಬೇಕಾಗದೆಯೂ ಇರಬಹುದು.

ಶಾಲೆ ಮಾತ್ರ ಬಿಡಬೇಡಿ. ಗೆಳೆಯ ಕಲಿಸುತ್ತಾನೆ, ಯೂಟ್ಯೂಬ್ ಇದೆ ಅಂತ ಹೇಳುವವರು ಇದ್ದೇ ಇರುತ್ತಾರೆ. ಗೆಳೆಯ ಅರ್ಧ ಗಂಟೆ ಕಲಿಸಿ ಕೆಂಪು ದಾರಿಗೆ ಕರೆದುಕೊಂಡು ಹೋಗುತ್ತಾನೆ. ಗುಂಪಿನ ಪಾಠ ಸಾಮಾನ್ಯವಾಗಿ ಭಾನುವಾರ ಅಥವಾ ಸೋಮವಾರ ಶುರು, ದಿನಕ್ಕೆ ನಾಲ್ಕು ಗಂಟೆ, ಇಂಗ್ಲಿಷ್‌ನಲ್ಲೂ ಇರುತ್ತದೆ. ಬುಧವಾರ ಹೋಗಿ ಸೇರುತ್ತೇನೆ ಅಂದ್ರೆ ನಿಮ್ಮ ಮಟ್ಟದ ಗುಂಪು ಸಿಗುವುದು ಕಷ್ಟ. ಮೊದಲ ದಿನ ಕಲಿಸುವುದು ನಿಲ್ಲುವುದನ್ನು. ಎರಡೂ ಸ್ಕೀಗಳ ಮುಂದಿನ ತುದಿ ಹತ್ತಿರ ತಂದು, ಹಿಂದಿನ ತುದಿ ಅಗಲಿಸಿ, ಒಳ ಅಂಚಿನಿಂದ ಹಿಮವನ್ನು ಒತ್ತುವುದು. ಇದು ಬಂದರೆ ತಿರುಗುವುದು ತಾನಾಗಿ ಬರುತ್ತದೆ, ಇದು ಬರದೆ ಮುಂದೆ ಹೋದರೆ ಬೇರೆಯವರಿಗೂ ಅಪಾಯ.

## ಬೂಟು, ಬಟ್ಟೆ

ಸ್ಕೀ ಕೊಳ್ಳಬೇಡಿ, ಬಾಡಿಗೆಗೆ ತನ್ನಿ. ಲಿಫ್ಟ್ ಕೆಳಗೇ ಅಂಗಡಿಗಳಿರುತ್ತವೆ, ಸಂಜೆ ಅಲ್ಲೇ ಲಾಕರ್‌ನಲ್ಲಿ ಬಿಟ್ಟು ಬರಬಹುದು. ಸ್ಕೀಗಿಂತ ಬೂಟು ಮುಖ್ಯ. ನೆಟ್ಟಗೆ ನಿಂತಾಗ ಬೆರಳು ತುದಿಗೆ ತಾಗಬೇಕು, ಮೊಣಕಾಲು ಬಗ್ಗಿಸಿದಾಗ ಸ್ವಲ್ಪ ಹಿಂದೆ ಸರಿಯಬೇಕು, ಹಿಮ್ಮಡಿ ಮೇಲೇಳಬಾರದು. ಚಳಿ ಅಂತ ಎರಡು ಜೊತೆ ಕಾಲುಚೀಲ ಹಾಕಿದರೆ ರಕ್ತ ಓಡದೆ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಒಂದೇ ಜೊತೆ, ಉದ್ದನೆಯದು.

ಅಂಗಡಿಯವರು ನಿಮ್ಮ ಎತ್ತರ, ತೂಕ, ವಯಸ್ಸು, ಎಷ್ಟು ಬರುತ್ತದೆ ಅಂತ ಕೇಳುತ್ತಾರೆ. ನಿಜ ಹೇಳಿ, ತೂಕವನ್ನಂತೂ ನಿಜವೇ ಹೇಳಿ. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಎಷ್ಟು ಬಲ ಬಿದ್ದಾಗ ಬಿಟ್ಟುಕೊಳ್ಳಬೇಕು ಅನ್ನುವುದನ್ನು ಈ ಲೆಕ್ಕದಿಂದಲೇ ಹೊಂದಿಸುತ್ತಾರೆ. ಸಡಿಲ ಆದರೆ ಸುಮ್ನೆ ಸುಮ್ನೆ ಕಳಚುತ್ತದೆ. ಬಿಗಿ ಆದರೆ ಬಿದ್ದಾಗ ಕಳಚದೆ ಮೊಣಕಾಲು ತಿರುಚುತ್ತದೆ.

ಜೀನ್ಸ್ ಬೇಡ, ಹತ್ತಿ ಬನಿಯನ್ನೂ ಬೇಡ, ಒದ್ದೆಯಾದರೆ ಒಣಗುವುದಿಲ್ಲ. ಮೈಗಂಟುವ ಥರ್ಮಲ್, ಅದರ ಮೇಲೆ ಫ್ಲೀಸ್, ಅದರ ಮೇಲೆ ನೀರು ಒಳಬಿಡದ ಜಾಕೆಟ್, ಪ್ಯಾಂಟ್. ಡೆಕಾಥ್ಲಾನ್‌ನಂಥ ಅಂಗಡಿಯಲ್ಲಿ ಸಿಗುವುದೇ ಸಾಕು, ಗೆಳೆಯರ ಹತ್ತಿರ ಇಸಿದುಕೊಂಡರೆ ಇನ್ನೂ ಒಳ್ಳೆಯದು. ಹೆಲ್ಮೆಟ್, ಗಾಗಲ್, ನೀರಿಳಿಯದ ಕೈಗವಸು ಬೇಕೇ ಬೇಕು. ಸನ್‌ಸ್ಕ್ರೀನ್ ಕೂಡ. ನಮ್ಮ ಬಣ್ಣಕ್ಕೆ ಬೇಕಾಗಿಲ್ಲ ಅನ್ನುವುದು ತಪ್ಪು ಲೆಕ್ಕ, ಹೊಸ ಹಿಮ ಬಿಸಿಲಿನ ನೇರಳಾತೀತ ಕಿರಣಗಳನ್ನು 80 ಶೇಕಡಾದವರೆಗೂ ವಾಪಸ್ ಎಸೆಯುತ್ತದೆ.

## ಇಳಿಜಾರಿನ ನಿಯಮಗಳು

ಪಿಸ್ಟೆಗೂ ಟ್ರಾಫಿಕ್ ನಿಯಮ ಇದೆ. ಅಂತಾರಾಷ್ಟ್ರೀಯ ಸ್ಕೀ ಒಕ್ಕೂಟದ ಹತ್ತು ನಿಯಮಗಳಲ್ಲಿ ಮುಖ್ಯವಾದದ್ದು ಇದು: ಮೇಲಿನಿಂದ, ಹಿಂದಿನಿಂದ ಬರುವವರದೇ ಜವಾಬ್ದಾರಿ, ಮುಂದಿರುವವರಿಗೆ ದಾರಿ ಬಿಡಬೇಕು. ದಾರಿ ಮಧ್ಯೆ, ಏರಿನ ಮರೆಯಲ್ಲಿ ನಿಂತು ಸೆಲ್ಫಿ ತೆಗೆಯಬಾರದು. ಬಿದ್ದರೆ ಬೇಗ ಬದಿಗೆ ಸರಿಯಬೇಕು. ಡಿಕ್ಕಿ ಆದರೆ ನಿಂತು ಸಹಾಯ ಮಾಡಿ ಹೆಸರು, ವಿಳಾಸ ಕೊಡಬೇಕು.

ಗುರುತು ಹಾಕಿದ ಪಿಸ್ಟೆ ಬಿಟ್ಟು ಪಕ್ಕದ ಮುಟ್ಟದ ಹಿಮಕ್ಕೆ ಹೋಗಬೇಡಿ, ಅಲ್ಲಿ ಹಿಮಕುಸಿತದಿಂದ ಯಾರೂ ಕಾಪಾಡಿರುವುದಿಲ್ಲ. ಲಿಫ್ಟ್ ಹತ್ತಿರ 1ರಿಂದ 5ರ ತನಕ ಅಪಾಯದ ಮಟ್ಟ ಬರೆದಿರುತ್ತಾರೆ. ಇನ್ನು ಸಂಜೆ ಮುಚ್ಚಿದ ಮೇಲೆ ಪಿಸ್ಟೆಗೆ ಇಳಿಯಲೇಬಾರದು. ಕಡಿದಾದ ಕಡೆ ಹಿಮ ಸಮ ಮಾಡುವ ಯಂತ್ರವನ್ನು ಉದ್ದನೆಯ ಉಕ್ಕಿನ ಹಗ್ಗಕ್ಕೆ ಕಟ್ಟಿರುತ್ತಾರೆ, ಕತ್ತಲಲ್ಲಿ ಅದು ಕಾಣುವುದೇ ಇಲ್ಲ.

## ಇನ್ಶೂರೆನ್ಸ್ ಮತ್ತು ವೀಸಾ

ಆಸ್ಟ್ರಿಯಾದಲ್ಲಿ ಸ್ಕೀ ಮಾಡುವಾಗ ಬಿದ್ದು ಹೆಲಿಕಾಪ್ಟರ್ ಬಂದರೆ ಬಿಲ್ ನಿಮ್ಮದೇ, ಅದು ಸಾವಿರಾರು ಯೂರೋ ಆಗುತ್ತದೆ. ಜರ್ಮನಿಯ ಸರ್ಕಾರಿ ಆರೋಗ್ಯ ವಿಮೆಯ ಕಾರ್ಡ್ ಆಸ್ಪತ್ರೆಗೆ ನಡೆಯುತ್ತದೆ, ಬೆಟ್ಟದಿಂದ ಇಳಿಸುವುದಕ್ಕೆ ನಡೆಯುವುದಿಲ್ಲ. ಭಾರತದಿಂದ ಬರುವವರು ವೀಸಾಗೆ ಅಂತ ಮಾಡಿಸುವ 30,000 ಯೂರೋ ಪಾಲಿಸಿಯಲ್ಲಿ ಚಳಿಗಾಲದ ಆಟಗಳನ್ನು ಹೊರಗಿಟ್ಟಿರುವುದು ಸಾಮಾನ್ಯ. ಸಣ್ಣಕ್ಷರ ಓದಿ, ಬೇಕಾದರೆ ಹೆಚ್ಚಿಗೆ ಕಟ್ಟಿ ಸೇರಿಸಿ. ಆಲ್ಪೈನ್ ಕ್ಲಬ್ ಅನ್ನುವ ಪರ್ವತಾರೋಹಿಗಳ ಸಂಘದ ಸದಸ್ಯರಾದರೆ ಬೆಟ್ಟದ ರಕ್ಷಣೆಯ ವಿಮೆ ಅದರ ಜೊತೆಗೇ ಬರುತ್ತದೆ, ಜರ್ಮನಿಯಲ್ಲಿರುವವರಿಗೆ ಇದು ಸುಲಭದ ದಾರಿ. ಬೇರೆಯವರಿಗೆ ನೀವು ಗುದ್ದಿದರೆ ಅನ್ನುವುದಕ್ಕೆ ಬೇರೆ ವಿಮೆ. ಇಟಲಿಯ ಪಿಸ್ಟೆಗಳಲ್ಲಿ 2022ರಿಂದ ಅದು ಕಡ್ಡಾಯ. ಆಸ್ಟ್ರಿಯಾದ ಬೆಟ್ಟಗಳಲ್ಲಿ ತುರ್ತು ನಂಬರ್ 140, ಯೂರೋಪಿನಲ್ಲೆಲ್ಲ 112.

ಭಾರತದಿಂದ ಹೊರಡುವವರಿಗೆ ಶೆಂಗೆನ್ ವೀಸಾ ಬೇಕು. ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಹದಿನೈದು ದಿನಕ್ಕಿಂತ ತಡ ಮಾಡುವಂತಿಲ್ಲ. ಜರ್ಮನಿಯ ನಿವಾಸ ಕಾರ್ಡ್ ಇದ್ದರೆ ವೀಸಾ ಬೇಡ, ಆದರೆ ಪಾಸ್‌ಪೋರ್ಟ್ ಜೊತೆಗಿರಲಿ. ವಾಪಸ್ ಬರುವಾಗ ಜರ್ಮನಿಯ ಗಡಿಯಲ್ಲಿ ರೈಲಿನೊಳಗೇ ಬಂದು ಕೇಳುತ್ತಾರೆ.

## ಊಟ, ಮತ್ತು ಸ್ಕೀ ಮಾಡದವರು

ಸಸ್ಯಾಹಾರಿಗಳಿಗೆ ಬೆಟ್ಟದ ಮೇಲಿನ ಹೋಟೆಲ್‌ಗಳಲ್ಲಿ ಚೀಸ್ ಹಾಕಿದ, ನೂಡಲ್ಸ್‌ನಂಥ ಕೇಸ್‌ಶ್ಪೆಟ್ಸ್‌ಲೆ ಸಿಗುತ್ತದೆ, ಸಿಹಿಗೆ ಕೈಸರ್‌ಶ್ಮಾರ್ನ್ ಅನ್ನುವ ಪ್ಯಾನ್‌ಕೇಕ್ ಚೂರುಗಳು. ಎರಡರಲ್ಲೂ ಮೊಟ್ಟೆ ಇದೆ. ಸೂಪ್ ವಿಷಯದಲ್ಲಿ ಹುಷಾರು, ಮೇಲೆ ತೇಲುವುದು ಬರೀ ದೋಸೆಯ ಚೂರಿನಂತೆ ಕಂಡರೂ ಕೆಳಗಿನ ಸಾರು ಸಾಮಾನ್ಯವಾಗಿ ದನದ ಮಾಂಸದ್ದು. ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿದರೆ ಸಂಜೆ ಅನ್ನ ಸಾರು ಮಾಡಿಕೊಳ್ಳಬಹುದು. ಆಸ್ಟ್ರಿಯಾದಲ್ಲಿ ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರ ಸಂಜೆ ತಲುಪುವವರು ಅಕ್ಕಿ, ಮೊಸರು, ತರಕಾರಿ ದಾರಿಯಲ್ಲೇ ತೆಗೆದುಕೊಂಡಿರಬೇಕು.

ಅಪ್ಪ ಅಮ್ಮ ಬಂದಿದ್ದರೆ ಅವರಿಗೂ ಕೆಲಸ ಇದೆ. ನಡೆಯುವವರ ಟಿಕೆಟ್ ಬೇರೆ ಇರುತ್ತದೆ, ಆಹೋರ್ನ್ ಮೇಲೆ ಚಳಿಗಾಲದ ನಡಿಗೆ ದಾರಿಗಳಿವೆ, ಬಿಸಿಲಲ್ಲಿ ಕೂತು ಮೊಮ್ಮಕ್ಕಳು ಬೀಳುವುದನ್ನು ನೋಡಬಹುದು. ಹಿಂಟರ್‌ಟುಕ್ಸ್‌ನಲ್ಲಿ ಹಿಮನದಿಯ ಒಳಗೇ ಹೊಕ್ಕು ನೋಡುವ ಮಂಜುಗಡ್ಡೆಯ ಗುಹೆ ಇದೆ, ಆದರೆ ಅದು 3,000 ಮೀಟರ್‌ಗಿಂತ ಮೇಲೆ. ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಹೋಗಬಾರದು. ಇಲ್ಲದಿದ್ದರೆ ಒಂದು ದಿನ ಇನ್ಸ್‌ಬ್ರುಕ್ ನಗರ ನೋಡಿಕೊಂಡು ಬರಬಹುದು.

## ತಲುಪುವುದು ಹೇಗೆ

ಮ್ಯೂನಿಕ್‌ನಿಂದ ರೈಲಿನಲ್ಲಿ ಯೆನ್‌ಬಾಖ್, ಸುಮಾರು ಒಂದೂವರೆ ಗಂಟೆ. ಅಲ್ಲಿ ಇಳಿದು ಜಿಲ್ಲರ್‌ಟಾಲ್‌ನ ಚಿಕ್ಕ ಹಳಿಯ ರೈಲು ಹಿಡಿದರೆ 32 ಕಿಲೋಮೀಟರ್ ದಾರಿ, ಒಂದು ಗಂಟೆಯೊಳಗೆ ಮಾಯರ್‌ಹೋಫೆನ್. ಊರೊಳಗೆ ಸ್ಕೀ ಬಸ್ ಓಡಾಡುತ್ತದೆ, ಕಾರು ಬೇಕೇ ಬೇಕು ಅಂತೇನಿಲ್ಲ. ಕಾರಿನಲ್ಲೇ ಹೋಗುವುದಾದರೆ ಆಸ್ಟ್ರಿಯಾದ ಹೈವೇಗೆ ವಿಗ್ನೆಟ್ ಅನ್ನುವ ಟೋಲ್ ಪಾಸ್ ತೆಗೆದುಕೊಳ್ಳಿ, ನವೆಂಬರ್ 1ರಿಂದ ಏಪ್ರಿಲ್ 15ರ ತನಕ ರಸ್ತೆಯಲ್ಲಿ ಹಿಮ, ಮಂಜುಗಡ್ಡೆ ಇದ್ದರೆ ಚಳಿಗಾಲದ ಟೈರ್ ಕಡ್ಡಾಯ. ಬಾಡಿಗೆ ಕಾರಾದರೆ ಆ ಟೈರ್ ಇದೆಯೇ ಅಂತ ಬುಕ್ ಮಾಡುವಾಗಲೇ ಬರವಣಿಗೆಯಲ್ಲಿ ಕೇಳಿ.

ಬುಕ್ ಮಾಡುವ ಕ್ರಮ ಕೇಳಿದರೆ, ವಾರ ಗೊತ್ತು ಮಾಡಿ ಮೊದಲು ಶಾಲೆಯಲ್ಲಿ ಜಾಗ ಇದೆಯೇ ನೋಡಿ. ಆಮೇಲೆ ಆ ಶಾಲೆಯ ಲಿಫ್ಟ್‌ಗೆ ನಡೆದು ಹೋಗುವಷ್ಟು ಹತ್ತಿರ ರೂಮ್, ನಂತರ ರೈಲು ಅಥವಾ ವಿಮಾನ. ಸ್ಕೀ ಬಾಡಿಗೆ ಒಂದೆರಡು ವಾರ ಮುಂಚೆ ಆನ್‌ಲೈನ್‌ನಲ್ಲಿ ಹೇಳಿಟ್ಟರೆ ಅಂಗಡಿಗೆ ಹೋಗಿ ಕೇಳುವುದಕ್ಕಿಂತ ಕಡಿಮೆಗೆ ಸಿಗುತ್ತದೆ. ರೂಮ್ ಲಿಫ್ಟ್‌ನಿಂದ ಎಷ್ಟು ದೂರ ಅನ್ನುವುದನ್ನು ಮ್ಯಾಪ್‌ನಲ್ಲಿ ನೀವೇ ಅಳೆದು ನೋಡಿ. ಸ್ಕೀ ಬೂಟು ಹಾಕಿಕೊಂಡು, ಭುಜದ ಮೇಲೆ ನಿಮ್ಮದೂ ಮಗುವಿನದೂ ಸ್ಕೀ ಹೊತ್ತು ನಡೆಯುವಾಗ 800 ಮೀಟರ್ ಬಹಳ ದೂರ.